ಸಾಲವನ್ನು ಗಟ್ಟಿಯಾಗಿ ಓದಿ

ಪತ್ರ: ಥಾಣೆ ಕಡೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ 120 ಮನೆಗಳಿವೆ. ಹನ್ನೊಂದು ವರ್ಷದ ಹಿಂದೆ ಪ್ರಾರ್ಥನಾ ಮಂದಿರಕ್ಕಾಗಿ 18 ಲಕ್ಷ ಸಾಲ ಎತ್ತಿದೆವು. ಪತ್‌ಪೇಢಿಯಿಂದ (ಸಹಕಾರಿ ಸಾಲ ಸಂಘ) 12 ಲಕ್ಷ, ಐವರು ಸದಸ್ಯರ ಕೈಗಡ 6 ಲಕ್ಷ. ಬಡ್ಡಿ ನೂರಕ್ಕೆ 12. ತಿಂಗಳಿಗೆ 15,000 ತಪ್ಪದೆ ಕಟ್ಟುತ್ತಿದ್ದರೂ ಬಾಕಿ 22 ಲಕ್ಷಕ್ಕೆ ಬಂದು ನಿಂತಿದೆ. ಹೊಸ ಖಜಾಂಚಿಗಳು ಪ್ರತಿ ತಿಂಗಳ ಮೊದಲ ಭಾನುವಾರ ಸಾಲದ ಲೆಕ್ಕವನ್ನು ಸಭೆಯ ಮುಂದೆ ಓದುತ್ತೇನೆ ಎನ್ನುತ್ತಾರೆ. ದೇವರ ಮನೆಯಲ್ಲಿ ಸಾಲದ ಮಾತು ಶೋಭೆಯೇ? ಹೋಟೆಲ್ ಉದ್ಯಮಿಯೊಬ್ಬರು ಪೂರ್ತಿ ತೀರಿಸಲು ಸಿದ್ಧರಿದ್ದಾರೆ, ಹೆಸರಿನ ಒಂದು ಅಮೃತಶಿಲೆ ಹಾಕಿದರಾಯಿತು. ಸದ್ದಿಲ್ಲದೆ ಮುಗಿಸುವುದೇ ಮೇಲಲ್ಲವೇ?

ಸಂಪಾದಕರ ಉತ್ತರ: ಇಂಥ ಪತ್ರಗಳಲ್ಲಿ ನೋವು ತುಂಬಿರುತ್ತದೆ, ಅಂಕಿ ಇರುವುದಿಲ್ಲ. ನೀವು ಅಂಕಿ ಕೊಟ್ಟಿದ್ದೀರಿ, ಅದಕ್ಕೇ ನಿಮ್ಮ ಪತ್ರ ಆರಿಸಿದ್ದು. ಆದರೆ ನಿಮ್ಮದೇ ಅಂಕಿಗಳನ್ನು ನೀವು ಕೂಡಿಸಿ ನೋಡಿದಂತಿಲ್ಲ. 18 ಲಕ್ಷಕ್ಕೆ ನೂರಕ್ಕೆ 12ರಂತೆ ತಿಂಗಳ ಬಡ್ಡಿಯೇ 18,000. ನೀವು ಕಟ್ಟಿದ್ದು 15,000. ಅಲ್ಲಿಗೆ ಅಸಲು ಒಂದು ಪೈಸೆ ಕರಗಿಲ್ಲ, ಮೇಲೆ ತಿಂಗಳಿಗೆ 3,000 ಸೇರುತ್ತ ಬಂತು. 132 ತಿಂಗಳಿಗೆ, ಬಡ್ಡಿಗೆ ಬಡ್ಡಿ ಹಿಡಿಯದಿದ್ದರೂ, 3 ಲಕ್ಷ 96 ಸಾವಿರ. ಒಟ್ಟು 19 ಲಕ್ಷ 80 ಸಾವಿರ ಕೊಟ್ಟು 22 ಲಕ್ಷದ ಸಾಲಗಾರರಾಗಿ ಕೂತಿದ್ದೀರಿ. ‘ತಪ್ಪದೆ ಕಟ್ಟುತ್ತಿದ್ದೇವೆ’ ಎಂಬ ಸಮಾಧಾನವೇ ನಿಮ್ಮನ್ನು ಮುಳುಗಿಸಿತು.

ಮೊದಲ ತಿಂಗಳಿನಿಂದ 15ರ ಬದಲು 26 ಸಾವಿರ ಕಟ್ಟಿದ್ದರೆ ಹತ್ತು ವರ್ಷದೊಳಗೆ ಎಲ್ಲ ಚುಕ್ತಾ ಆಗುತ್ತಿತ್ತು. ಹೆಚ್ಚಿಗೆ ಬೇಕಿದ್ದ 11 ಸಾವಿರವನ್ನು 120 ಮನೆಗೆ ಹಂಚಿ ನೋಡಿ: ಮನೆಗೆ ತಿಂಗಳಿಗೆ 92 ರೂಪಾಯಿ. ಕೇಳಿದ್ದರೆ ಯಾರು ಇಲ್ಲವೆನ್ನುತ್ತಿದ್ದರು? ಯಾರೂ ಕೇಳಲಿಲ್ಲ, ಏಕೆಂದರೆ ಕೇಳುವುದು ಶೋಭೆಯಲ್ಲ ಎಂದು ನಿಮ್ಮಂಥ ಸಜ್ಜನರು ತೀರ್ಮಾನಿಸಿಬಿಟ್ಟಿದ್ದರು.

ನಿಮ್ಮ ಮಾತಿನಲ್ಲೂ ಹುರುಳಿದೆ, ಒಪ್ಪಿದೆ. ಮೊದಲ ಸಲ ಬಂದವರಿಗೆ ಪ್ರಸಂಗಕ್ಕಿಂತ ಬಾಕಿಯೇ ಜೋರಾಗಿ ಕೇಳಿಸಿದರೆ ಅವರು ಎರಡನೆಯ ಸಲ ಬರಲಿಕ್ಕಿಲ್ಲ. ಹಾಗಾದರೆ ಆಶೀರ್ವಾದ ಮುಗಿದ ಮೇಲೆ, ಚಹಾ ಹಂಚುವಾಗ, ಎರಡು ನಿಮಿಷದಲ್ಲಿ ಓದಲಿ. ಆದರೆ ಓದಲೇಬೇಕು.

ಶೋಭೆಯ ಪ್ರಶ್ನೆಗೆ ನಿಮ್ಮ ಮಡಿಲಲ್ಲಿರುವ ಸತ್ಯವೇದವೇ ಉತ್ತರ ಹೇಳುತ್ತದೆ. ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯದಲ್ಲಿ ಜನ ಹೊಲ, ದ್ರಾಕ್ಷೇತೋಟ ಒತ್ತೆಯಿಟ್ಟು ಗೋಳಾಡುತ್ತಾರೆ. ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯ ಶ್ರೀಮಂತರನ್ನು ಒಳಕೋಣೆಗೆ ಕರೆದು ಪಿಸುಗುಟ್ಟಲಿಲ್ಲ, ಮಹಾಸಭೆಯನ್ನೇ ಕೂಡಿಸಿ ಕೇಳಿದ. ಅಲ್ಲಿ ಹೇಳಿದ ‘ನೂರರಲ್ಲೊಂದು’ ಬಡ್ಡಿಯನ್ನು ತಿಂಗಳಿಗೆ ಎಂದು ಅನೇಕ ವ್ಯಾಖ್ಯಾನಕಾರರು ಓದುತ್ತಾರೆ. ಹಾಗೆ ಓದಿದರೆ ಅದು ನಿಮ್ಮ ಪತ್‌ಪೇಢಿಯ ದರವೇ! ‘ಎರಡನೆಯ ಅರಸುಗಳು’ ಗ್ರಂಥದ 12ನೇ ಅಧ್ಯಾಯದಲ್ಲಿ ದೇವಾಲಯದ ದುರಸ್ತಿಗೆ ಮುಚ್ಚಳಕ್ಕೆ ತೂತು ಕೊರೆದ ಪೆಟ್ಟಿಗೆ ಇಡುತ್ತಾರೆ. ಅದು ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂತು ಎಣಿಸುತ್ತಾರೆ. ಒಬ್ಬನೇ ಎಣಿಸಬಾರದೆಂಬ ಬುದ್ಧಿ ಅಷ್ಟು ಹಳೆಯದು.

ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಬಾಸೆಲ್ ಮಿಷನ್ನನ್ನೇ ನೋಡಿ. 1855ರಲ್ಲಿ, ಹಣದ ಮುಗ್ಗಟ್ಟಿನ ಕಾಲದಲ್ಲಿ, ಅವರು ‘ಅರ್ಧ ಬಾಟ್ಸೆನ್’ ವಂತಿಗೆ ಶುರುಮಾಡಿದರು. ಬಡವನೂ ವಾರಕ್ಕೊಮ್ಮೆ ಕೊಡಬಹುದಾದ ಚಿಲ್ಲರೆ ಕಾಸು ಅದು. ಮಂಗಳೂರು, ಧಾರವಾಡದ ಕೆಲಸಕ್ಕೆ ಬಂದ ಹಣದಲ್ಲಿ ಆ ಕಾಸೂ ಸೇರಿತ್ತು. ನಿಮ್ಮ ಸಭೆಗೆ ಅಮೃತಶಿಲೆಗಿಂತ ಈ ಪೂರ್ವಿಕರು ಹತ್ತಿರದವರು.

ಈಗಿನ ಲೆಕ್ಕಕ್ಕೆ ಬನ್ನಿ. 22 ಲಕ್ಷ ಇದೇ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೀರಬೇಕಾದರೆ ತಿಂಗಳಿಗೆ ಸುಮಾರು 39,000 ಬೇಕು. 120 ಮನೆಯನ್ನೂ ನಂಬಬೇಡಿ, 96 ಹಿಡಿಯಿರಿ. ಮನೆಗೆ 410 ರೂಪಾಯಿ ಬೀಳುತ್ತದೆ, ವಾರಕ್ಕೆ ನೂರರ ಒಳಗೆ. ಸಂಖ್ಯೆ ಹಾಕಿದ 52 ಲಕೋಟೆ ಕೊಡಿ. ಸಂಬಂಧಿಕರಲ್ಲದ ಇಬ್ಬರು ಮಂದಿರ ಬಿಡುವ ಮೊದಲೇ ಎಣಿಸಿ ಸಹಿ ಹಾಕಲಿ, ಸೋಮವಾರ ಹಣ ಬ್ಯಾಂಕಿಗೆ ಹೋಗಲಿ. ಖಾತೆ ಬೇರೆಯೇ ಇರಬೇಕು. ಸಾಮಾನ್ಯ ಖಾತೆಗೆ ಬಿದ್ದ ಸಾಲದ ಹಣವನ್ನು ಕ್ರಿಸ್ಮಸ್ಸಿನ ಪೆಂಡಾಲು ತಿಂದುಬಿಡುತ್ತದೆ. ಪತ್‌ಪೇಢಿಗೆ 5ನೇ ತಾರೀಖು ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ, ಸಹಿ ಮಾಡುವವರು ಊರಲ್ಲಿಲ್ಲ ಎಂಬ ನೆಪ ಇರುವುದಿಲ್ಲ. ಮೇ ತಿಂಗಳಲ್ಲಿ ಮುಂಬೈ ಕನ್ನಡಿಗರ ಮನೆಗಳಿಗೆ ಬೀಗ ಬಿದ್ದಿರುತ್ತದೆ, ಜೂನ್‌ನಲ್ಲಿ ಶಾಲೆಯ ಫೀಸು. ಯೋಜನೆ ಮುರಿಯುವುದು ಅಲ್ಲೇ. ಸುಗ್ಗಿ ಹಬ್ಬದ ಹರಾಜಿನ ಬಾಳೆಗೊನೆ, ತೆಂಗಿನಕಾಯಿಯ ದುಡ್ಡಿನಿಂದ ಎರಡು ಕಂತು ಮೊದಲೇ ಎತ್ತಿಡಿ.

ಪತ್‌ಪೇಢಿಯವರನ್ನು ಕಾಣುವಾಗ ಬರಿಗೈಯಲ್ಲಿ ಹೋಗಬೇಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಕಟ್ಟಿದ ಹಣ ಮೊದಲು ಬಡ್ಡಿಗೆ ಜಮೆಯಾಗುತ್ತದೆ, ಆಮೇಲೆ ಅಸಲಿಗೆ. ಒಂದಿಷ್ಟು ಇಡಿಗಂಟು ಮುಂದಿಟ್ಟು, ಹಳೆ ಬಡ್ಡಿಬಾಕಿ ಬಿಡಿ, ಇನ್ನು ಮುಂದಿನದು ಅಸಲಿಗೆ ಹೋಗಲಿ ಎಂದು ಕೇಳಿ. ಒಪ್ಪಿದರೆ ಲಿಖಿತದಲ್ಲಿ ತನ್ನಿ, ಬಾಯಿಮಾತು ಮುಂದಿನ ಮ್ಯಾನೇಜರಿಗೆ ನೆನಪಿರುವುದಿಲ್ಲ.

ಒಂದು ಕಹಿ ಪ್ರಶ್ನೆ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 36ಎ ಕಲಮಿನ ಪ್ರಕಾರ ಚಾರಿಟಿ ಕಮಿಷನರ ಪೂರ್ವಾನುಮತಿ ಇಲ್ಲದೆ ಟ್ರಸ್ಟಿಗಳು ಟ್ರಸ್ಟಿನ ಪರವಾಗಿ ಸಾಲ ಎತ್ತುವಂತಿಲ್ಲ. ಕೈಗಡಕ್ಕೂ ವಿನಾಯಿತಿ ಇಲ್ಲ. ನಿಮ್ಮ ಸಾಲಕ್ಕೆ ಆ ಕಾಗದ ಇದೆಯೇ? ಇಲ್ಲದಿದ್ದರೆ ಮೊದಲು ವಕೀಲರನ್ನು ಕಾಣಿ. ಸಭಾಪಾಲಕರ ಫ್ಲ್ಯಾಟು ಮಾರಿಬಿಡೋಣ ಎಂದು ಯಾರಾದರೂ ಎದ್ದು ನಿಂತರೆ 36ನೇ ಕಲಮು ತೋರಿಸಿ, ಅದಕ್ಕೂ ಪೂರ್ವಾನುಮತಿ ಬೇಕು. ಆಸ್ತಿ ನಿಮ್ಮ ಸಭೆಗೂ ಮೇಲಿರುವ ಟ್ರಸ್ಟಿನ ಹೆಸರಲ್ಲಿದ್ದರಂತೂ ಮಾರುವ ಮಾತೇ ನಿಮ್ಮದಲ್ಲ. ಅಮೆರಿಕದ ಮಗ ಕಳಿಸುತ್ತಾನೆ ಎನ್ನುವವರೂ ಸಿಗುತ್ತಾರೆ. ಮಗ ಅಲ್ಲಿನ ಪೌರನಾಗಿದ್ದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಭೆ ಅದನ್ನು ಮುಟ್ಟುವಂತಿಲ್ಲ.

ಹೋಟೆಲ್ ಉದ್ಯಮಿಗಳ ಔದಾರ್ಯವನ್ನು ಹಳಿಯುತ್ತಿಲ್ಲ. ಅವರೂ ಒಂದು ಲಕೋಟೆ ತೆಗೆದುಕೊಳ್ಳಲಿ, ಅದರಲ್ಲಿ ಎಷ್ಟು ಹಾಕಿದರೂ ಸರಿ. 22 ಲಕ್ಷವನ್ನು ಒಬ್ಬರೇ ತೀರಿಸಿದರೆ 119 ಮನೆಗಳು ಏನು ಕಲಿತವು? ಮುಂದಿನ ಸಲ ಚಾವಣಿ ಸೋರಿದಾಗ ಮತ್ತೆ ಅದೇ ಬಾಗಿಲು ತಟ್ಟುತ್ತೀರಿ. ಆಗ ಪಾಲಕರ ವರ್ಗಾವಣೆಯಲ್ಲೂ ಅವರ ಮಾತು ಕೇಳಬೇಕಾಗುತ್ತದೆ.

ಇದು ಚರ್ಚಿನ ರೋಗ ಮಾತ್ರ ಎಂದುಕೊಳ್ಳಬೇಡಿ. ಈ ಮಹಾನಗರದ ನಮ್ಮ ಸಂಘಗಳಿಗೆಲ್ಲ ಅದೇ ಚಾಳಿ. ಭವನಕ್ಕೆ ಗ್ರಾನೈಟ್ ಬೇಕು, ಫಲಕದಲ್ಲಿ ಇನಿಷಿಯಲ್ ತಪ್ಪಾದರೆ ವರ್ಷಗಟ್ಟಲೆ ಮಾತು ಬಿಡುತ್ತಾರೆ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರದ ಪುಟ ಬಂದಾಗ ‘ಓದಿದಂತೆ ಭಾವಿಸಿ ಮಂಜೂರು’ ಎಂದು ಹಿಂದಿನ ಸಾಲಿನಿಂದ ಕೂಗು ಬರುತ್ತದೆ, ಏಕೆಂದರೆ ಊಟ ತಣ್ಣಗಾಗುತ್ತಿದೆ. ಭೀಶಿಯಲ್ಲಿ (ಚೀಟಿ ಫಂಡು) ಹಾಕಿದ ಐನೂರಕ್ಕೆ ದಿನಾ ಫೋನು ಮಾಡುವ ಜನ, ಸಂಘದ ಲಕ್ಷಗಳ ಬಗ್ಗೆ ಒಂದು ಪ್ರಶ್ನೆ ಕೇಳುವುದಿಲ್ಲ. ಕೇಳಿದವನು ತಕರಾರಿನವನು!

ಓದುವ ಹಾಳೆಯಲ್ಲಿ ಇಷ್ಟು ಅಂಕಣ ಇರಲಿ: ಯಾರಿಗೆ, ಯಾವ ತಾರೀಖು, ಅಸಲು, ಬಡ್ಡಿ, ಈ ತಿಂಗಳು ಕೊಟ್ಟದ್ದು, ಕೊನೆಯ ಲಿಖಿತ ಒಪ್ಪಿಗೆ ಯಾವಾಗ. ಕೊನೆಯ ಅಂಕಣವನ್ನು ಎಲ್ಲರೂ ಮರೆಯುತ್ತಾರೆ. ಕೈಗಡಕ್ಕೆ ಕಾನೂನಿನ ಅವಧಿ ಸಾಮಾನ್ಯವಾಗಿ ಮೂರೇ ವರ್ಷ. ಅಷ್ಟರೊಳಗೆ ‘ಇಷ್ಟು ಬಾಕಿ ಇದೆ’ ಎಂದು ಸಹಿ ಹಾಕಿ ಕೊಟ್ಟರೆ ಮತ್ತೆ ಮೂರು ವರ್ಷ ಸಿಗುತ್ತದೆ. ಅವಧಿ ಮೀರಿದ್ದರೂ ತೀರಿಸುತ್ತೇವೆಂದು ಹೊಸದಾಗಿ ಬರೆದುಕೊಡಲು ಕರಾರು ಕಾಯ್ದೆಯಲ್ಲಿ ದಾರಿ ಇದೆ. ಹನ್ನೊಂದು ವರ್ಷದಲ್ಲಿ ನಿಮ್ಮ ಕಮಿಟಿ ಎಷ್ಟು ಸಲ ಬದಲಾಗಿದೆಯೋ. ಆ ಐವರ ಕೈಯಲ್ಲಿರುವುದು ಹಳೆಯ ಲೆಟರ್‌ಹೆಡ್ಡಿನ ಒಂದು ಚೀಟಿ ಮಾತ್ರ ಇರಬಹುದು, ಅದರ ಮೇಲಿನ ಸಹಿ ಈಗ ಸಭೆಯಲ್ಲೇ ಇಲ್ಲದವರದ್ದು. ಐವರಲ್ಲಿ ಯಾರಾದರೂ ತೀರಿಹೋಗಿದ್ದರೆ ಚೀಟಿ ಅವರ ಮನೆಯಾಕೆಯ ಟ್ರಂಕಿನಲ್ಲಿರುತ್ತದೆ, ಕೇಳಲು ಅವರಿಗೆ ಸಂಕೋಚ. ಖಜಾಂಚಿಗಳೂ ನೀವೂ ಈ ವಾರ ಮೊದಲು ಆ ಮನೆಗೆ ಹೋಗಿ, ಚೀಟಿಯ ತಾರೀಖು ನೋಡಿ.