ಯಂತ್ರದ ಕೈ ಮುಟ್ಟಿದಾಗ

ಪ್ರಶ್ನೆ: ನಮ್ಮ ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ರೋಗಿಗಳ ಮೈ ಒರೆಸುವ ರೋಬಾಟ್‌ಗಳ ಬಗ್ಗೆ ಓದಿದೆ. ಅಂಥ ಯಂತ್ರ ‘ಈಗ ಮುಟ್ಟುತ್ತೇನೆ’ ಎಂದು ಮೃದುವಾಗಿ ಹೇಳಿ ಮುಟ್ಟಿದರೆ ಮನುಷ್ಯರ ಕೈಯಿಂದ ಸಿಗುವ ಸಮಾಧಾನವೇ ಸಿಕ್ಕೀತೇ?
– ಓದುಗರೊಬ್ಬರು, ಶಿರಸಿ

ಉತ್ತರ: ಹೆಚ್ಚುಕಡಿಮೆ ಇದನ್ನೇ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ‘ಕೋಡಿ’ ಎಂಬ ರೋಬಾಟ್ 56 ಮಂದಿಯ ಮುಂಗೈಯನ್ನು ಮುಟ್ಟಿ ಒರೆಸಿತು. ಎಲ್ಲರಿಗೂ ಅದು ಮಾಡಿದ ಕೆಲಸ ಒಂದೇ ಆಗಿದ್ದರೂ, ಅದು ಕೈಯನ್ನು ಶುಚಿಗೊಳಿಸುತ್ತಿದೆ ಎಂಬ ತಿಳಿವಳಿಕೆಯನ್ನು ಕೆಲವರಲ್ಲಿ, ಸಂತೈಸುತ್ತಿದೆ ಎಂಬುದನ್ನು ಉಳಿದವರಲ್ಲಿ ಮೂಡಿಸಲಾಗಿತ್ತು. ಶುಚಿಗೊಳಿಸುತ್ತಿದೆ ಎಂದು ನಂಬಿದವರಿಗೇ ಆ ಸ್ಪರ್ಶ ಹೆಚ್ಚು ಹಿತವೆನಿಸಿತು. ನಾಡಿ ನೋಡಲು ಕೈ ಹಿಡಿದ ನರ್ಸಮ್ಮನ ಮುಂದೆ ನಮಗೆ ಸಂಕೋಚವಾಗುವುದಿಲ್ಲ. ಗುರುತಿಲ್ಲದವರು ಸುಮ್ಮನೆ ಕೈ ಸವರಿದರೆ ಥಟ್ಟನೆ ಹಿಂದಕ್ಕೆಳೆದುಕೊಳ್ಳುತ್ತೇವಲ್ಲವೇ?

ಇನ್ನು ಮುನ್ನವೇ ಹೇಳುವ ವಿಷಯ. ಸೌಜನ್ಯವೆಂದು ತೋರುವ ಆ ಮಾತು ಇಲ್ಲಿ ನೆರವಾಗಲಿಲ್ಲ. ಮುನ್ಸೂಚನೆಯಿಲ್ಲದೆ ಮುಟ್ಟಿಸಿಕೊಂಡವರ ಪ್ರತಿಕ್ರಿಯೆಯೇ ಒಟ್ಟಾರೆ ಉತ್ತಮವಾಗಿತ್ತು. ‘ಸ್ವಲ್ಪ ಚುಚ್ಚುತ್ತೆ’ ಎಂದ ಕೂಡಲೇ ಸೂಜಿ ತಾಗುವ ಮೊದಲೇ ತೋಳು ಬಿಗಿಯಾಗುವಂತೆ, ಆ ಎಚ್ಚರಿಕೆಯೇ ಮೈಯನ್ನು ಸೆಟೆಸಿರಬೇಕೆಂಬುದು ನನ್ನ ಊಹೆ.

ಜಪಾನಿನ ತಕನೋರಿ ಶಿಬಾತ ರೂಪಿಸಿದ ‘ಪಾರೊ’ ಎಂಬ ರೋಬಾಟ್ ಇದಕ್ಕೆ ತದ್ವಿರುದ್ಧ. ಸುಮಾರು 2.7 ಕಿಲೋ ತೂಗುವ, ಬಿಳಿ ತುಪ್ಪಳದ, ಸೀಲ್ ಎಂಬ ಕಡಲ ಪ್ರಾಣಿಯ ಮರಿಯಂತಿರುವ ಇದು ನಮ್ಮನ್ನು ಮುಟ್ಟಲು ಬರುವುದೂ ಇಲ್ಲ, ಮಾತಾಡುವುದೂ ಇಲ್ಲ. ನಾವು ಸವರಿದರೆ ಕಣ್ಣರಳಿಸಿ, ಕತ್ತೆತ್ತಿ, ಸಣ್ಣಗೆ ಕೂಗುತ್ತದೆ. ಬೆಕ್ಕನ್ನೋ ನಾಯಿಯನ್ನೋ ಮಾಡಿದ್ದರೆ ಜನ ನಿಜವಾದದ್ದರೊಡನೆ ಹೋಲಿಸಿ ತಪ್ಪು ಹುಡುಕುತ್ತಿದ್ದರು; ಸೀಲ್ ಮರಿಯನ್ನು ಮಡಿಲಲ್ಲಿ ಕೂರಿಸಿಕೊಂಡವರು ಎಷ್ಟು ಮಂದಿ! ಮರೆವಿನ ಕಾಯಿಲೆಯ ವೃದ್ಧರು ಇದನ್ನು ಎದೆಗಪ್ಪಿಕೊಂಡು ಮಾತಾಡಿಸುತ್ತಾರೆ. ಇಲ್ಲಿ ಮುಟ್ಟುವುದೋ ಬಿಡುವುದೋ ಅವರ ಇಚ್ಛೆಗೆ ಸೇರಿದ್ದು, ಅದೇ ಮುಖ್ಯ ವ್ಯತ್ಯಾಸವೆಂದು ನನಗನಿಸುತ್ತದೆ.

ಕೋಡಿಯ ಪ್ರಯೋಗ ಒಂದೇ ಭೇಟಿಯಲ್ಲಿ ಮುಗಿದದ್ದು. ದಿನವೂ ಮೈ ಒರೆಸಿಸಿಕೊಳ್ಳುವವರ ಅನುಭವ ಬೇರೆಯಾಗಬಹುದು. ಆದರೂ ಅಂಥ ಯಂತ್ರ ನಿಮ್ಮ ಮನೆಗೆ ಬಂದ ದಿನ ಅದಕ್ಕೆ ಒರೆಸುವ ಕೆಲಸವನ್ನಷ್ಟೇ ಒಪ್ಪಿಸಿ, ಆ ಹೊತ್ತಿನಲ್ಲಿ ನೀವು ಅತ್ತೆಯವರ ತಲೆದೆಸೆಯಲ್ಲಿ ಕುಳಿತು ಮಾತಾಡಿಸುತ್ತಿರಿ.