ಒಂದೇ ಫಾರ್ಮ್‌ನಲ್ಲಿ ಎರಡು ಬಟನ್: ಒತ್ತಿದ್ದು ಯಾವುದು?

ಅಡಿಕೆ ತೂಕದ ಫಾರ್ಮ್‌ನಲ್ಲಿ ‘ಉಳಿಸಿ’, ‘ಕಳುಹಿಸಿ’ ಎರಡೂ ಸಬ್‌ಮಿಟ್ ಬಟನ್. ಯಾವುದನ್ನು ಒತ್ತಿದರು ಅಂತ ಪಿಎಚ್‌ಪಿಗೆ (ಸರ್ವರ್‌ನಲ್ಲಿ ಓಡುವ ಕೋಡ್) ತಿಳಿಸಲು ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಕೋಡ್) ಬೇಕಾ ಅಂತ ಕೇಳಿದ್ದೀರಿ. ಬೇಡ. ಎರಡೂ ಬಟನ್‌ಗೆ ಒಂದೇ ನೇಮ್ ಕೊಡಿ, ವ್ಯಾಲ್ಯೂ ಮಾತ್ರ ಬೇರೆ ಇರಲಿ. ಒತ್ತಿದ ಬಟನ್‌ನ ವ್ಯಾಲ್ಯೂ ಮಾತ್ರ ಸರ್ವರ್‌ಗೆ ಹೋಗುತ್ತದೆ, ಇನ್ನೊಂದು ಹೋಗುವುದೇ ಇಲ್ಲ.

ನಾನಿರುವುದು ಬದಿಯಡ್ಕದಲ್ಲಿ. ನಮ್ಮ ಕಾಸರಗೋಡಿನಲ್ಲಿ ಫಾರ್ಮ್ ಮಾಡಿದರೆ ಕನ್ನಡ, ಮಲಯಾಳ ಎರಡರಲ್ಲೂ ಬೇಕು ಅಲ್ವಾ? ಜಾಸ್ತಿ ಜನ ಎಡವುವುದು ಇಲ್ಲೇ. ಇನ್‌ಪುಟ್ ಟ್ಯಾಗ್‌ನ ಸಬ್‌ಮಿಟ್‌ನಲ್ಲಿ ಬಟನ್ ಮೇಲೆ ಕಾಣುವ ಬರಹವೇ ವ್ಯಾಲ್ಯೂ. ಕನ್ನಡ ಪುಟದಿಂದ ‘ಕಳುಹಿಸಿ’ ಅಂತ ಬರುತ್ತದೆ, ಮಲಯಾಳ ಪುಟದಿಂದ ಬೇರೆಯೇ ಪದ. ‘ಕಳುಹಿಸಿ’ ಬಂತಾ ಅಂತ ನೋಡುವ ಕೋಡ್ ಮಲಯಾಳದವರಿಗೆ ಕೈಕೊಡುತ್ತದೆ. ಅದಕ್ಕೇ ಬಟನ್ ಟ್ಯಾಗ್ ಬಳಸಿ. ಅದರಲ್ಲಿ ವ್ಯಾಲ್ಯೂ ‘ಸೆಂಡ್’ ಅಂತಲೇ ಇರುತ್ತದೆ, ಮೇಲಿನ ಬರಹ ಯಾವ ಭಾಷೆಯದ್ದೂ ಆಗಬಹುದು.

ಎಂಟರ್ ಕೀಯನ್ನು ಮರೆಯಬೇಡಿ. ಹೊಸ ಚಾಲಿ (ಒಣಗಿಸಿದ ಅಡಿಕೆ) ಇಷ್ಟು ಕಿಲೋ ಅಂತ ತುಂಬಿಸಿ ಎಂಟರ್ ಒತ್ತಿದರೆ, ಕೋಡ್‌ನಲ್ಲಿ ಮೊದಲು ಬರುವ ಸಬ್‌ಮಿಟ್ ಬಟನ್ ಒತ್ತಿದ ಹಾಗೆ. ಹಳೆ ಚಾಲಿಯ ತೂಕ ಹಾಕುವ ಮೊದಲೇ ಲೆಕ್ಕ ಸೊಸೈಟಿಗೆ ಹೋಗಿಬಿಟ್ಟರೆ ಕೃಷಿಕರಿಗೆ ಸುಮ್ನೆ ತಲೆನೋವು. ‘ಉಳಿಸಿ’ ಮೊದಲು ಇರಲಿ. ಸರ್ವರ್‌ಗೆ ಎರಡರಲ್ಲಿ ಯಾವ ವ್ಯಾಲ್ಯೂವೂ ಬಾರದಿದ್ದರೆ ಅದನ್ನೂ ಉಳಿಸಿದ್ದು ಅಂತಲೇ ಹಿಡಿಯಿರಿ.

ಮಳೆಗಾಲದಲ್ಲಿ ನೆಟ್ ಎಳೆಯುವಾಗ ಜನ ಎರಡೆರಡು ಸಲ ಒತ್ತುತ್ತಾರೆ. ಅದನ್ನು ತಡೆಯಲು ಸಬ್‌ಮಿಟ್ ಇವೆಂಟ್‌ನಲ್ಲೇ ಬಟನ್ ಡಿಸೇಬಲ್ ಮಾಡಿದರೆ ಅದರ ವ್ಯಾಲ್ಯೂ ಹೋಗುವುದಿಲ್ಲ. ಸೆಟ್‌ಟೈಮ್‌ಔಟ್ (ಕೋಡನ್ನು ಸ್ವಲ್ಪ ತಡೆದು ಓಡಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಒಳಗೆ ಹಾಕಿ, ಫಾರ್ಮ್ ಹೊರಟ ಮೇಲೆ ಡಿಸೇಬಲ್ ಆಗಲಿ.

ಮುಂದೆ ಪುಟ ಬದಲಾಗದ ಹಾಗೆ ಫೆಚ್‌ನಲ್ಲಿ (ಜಾವಾಸ್ಕ್ರಿಪ್ಟ್‌ನಿಂದಲೇ ಸರ್ವರ್‌ಗೆ ಕಳುಹಿಸುವ ವಿಧಾನ) ಕಳುಹಿಸುವುದಾದರೆ ಮಾತ್ರ ಒತ್ತಿದ ಬಟನ್ ತಿಳಿಸಲು ಜಾವಾಸ್ಕ್ರಿಪ್ಟ್ ಬೇಕು. ಫಾರ್ಮ್‌ನಲ್ಲಿ ತುಂಬಿಸಿದ್ದನ್ನು ಒಟ್ಟುಮಾಡುವ ಫಾರ್ಮ್‌ಡೇಟಾಗೆ ಫಾರ್ಮ್ ಒಂದನ್ನೇ ಕೊಟ್ಟರೆ ಬಟನ್‌ನ ವ್ಯಾಲ್ಯೂ ಸೇರುವುದಿಲ್ಲ. ಸಬ್‌ಮಿಟ್ ಇವೆಂಟ್‌ನ ‘ಸಬ್‌ಮಿಟರ್’ ಅನ್ನುವ ಪ್ರಾಪರ್ಟಿಯಲ್ಲಿ ಒತ್ತಿದ ಬಟನ್ ಸಿಗುತ್ತದೆ, ಅದರ ನೇಮ್, ವ್ಯಾಲ್ಯೂ ತೆಗೆದು ನೀವೇ ಸೇರಿಸಿ. ಸಫಾರಿಗೆ ಇದು 2022ರಲ್ಲಿ 15.4ನೇ ಆವೃತ್ತಿಯಲ್ಲಿ ಬಂತು. ಹಳೆ ಐಫೋನ್ ಇಟ್ಟುಕೊಂಡವರು ಇದ್ದರೆ ಬಟನ್‌ನ ಕ್ಲಿಕ್‌ನಲ್ಲೇ ವ್ಯಾಲ್ಯೂ ಹಿಡಿದಿಟ್ಟುಕೊಳ್ಳಿ.