ಒಂದೇ ಡೆಪ್ತ್ ಕ್ಯಾಮೆರಾದಿಂದ ಪಾರ್ಕಿನ್ಸನ್, ಸ್ಟ್ರೋಕ್ ರೋಗಿಗಳ ನಡಿಗೆ ಅಳೆಯಬಹುದೇ? ಯಾವ ಅಂಕಿ ನಂಬಬಹುದು?

ಅಳೆಯಬಹುದು, ಆದರೆ ಎಲ್ಲವನ್ನೂ ಅಲ್ಲ. ಡೆಪ್ತ್ ಕ್ಯಾಮೆರಾ ಎಂದರೆ ಚಿತ್ರದ ಪ್ರತಿ ಬಿಂದು ಎಷ್ಟು ದೂರದಲ್ಲಿದೆ ಎಂದೂ ಅಳೆಯುವ ಕ್ಯಾಮೆರಾ. ನಡಿಗೆಯ ವೇಗ, ಹೆಜ್ಜೆಯ ಉದ್ದ, ನಿಮಿಷಕ್ಕೆಷ್ಟು ಹೆಜ್ಜೆ ಎಂಬುದು ನಂಬುವಷ್ಟು ಚೆನ್ನಾಗಿ ಸಿಗುತ್ತದೆ. ಕಣಕಾಲಿನ ಕೋನ, ಕಾಲ್ಬೆರಳು ನೆಲದಿಂದ ಎಷ್ಟು ಮೇಲೆದ್ದಿತು ಎಂಬುದನ್ನು ಈ ಕ್ಯಾಮೆರಾದಿಂದ ನಿರೀಕ್ಷಿಸಲೇಬೇಡಿ. ಪಾದಕ್ಕೂ ನೆಲಕ್ಕೂ ನಡುವಿನ ಅಂತರ ಕೆಲವೇ ಸೆಂಟಿಮೀಟರ್; ಅಲ್ಲಿ ಎರಡನ್ನೂ ಬೇರ್ಪಡಿಸಲು ಸಾಫ್ಟ್‌ವೇರ್‌ಗೆ ಆಗುವುದಿಲ್ಲ. ಸ್ಟ್ರೋಕ್ ನಂತರ ಪಾದ ಜೋಲುವವರಲ್ಲಿ ನಮಗೆ ಬೇಕಾದದ್ದೇ ಅದು ಎಂಬುದು ಬೇಸರದ ಸಂಗತಿ.

ಇನ್ನು ಸಮಯ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್. ಸಹಜ ನಡಿಗೆಯಲ್ಲಿ ಎರಡೂ ಪಾದ ನೆಲದ ಮೇಲಿರುವ ಅವಧಿ ಪ್ರತಿ ಸಲ ಸುಮಾರು 0.1 ಸೆಕೆಂಡ್, ಅಂದರೆ ಮೂರೇ ಫ್ರೇಮ್. ಒಂದು ಫ್ರೇಮ್ ಆಚೀಚೆಯಾದರೂ ಮೂರನೇ ಒಂದು ಭಾಗ ತಪ್ಪು. ಹಾಗಾಗಿ ಹೆಜ್ಜೆಯಿಂದ ಹೆಜ್ಜೆಗೆ ಸಮಯ ಎಷ್ಟು ಏರುಪೇರಾಗುತ್ತದೆ ಎಂಬ ಅಂಕಿಯನ್ನು ವರದಿಯಲ್ಲಿ ಹಾಕಬೇಡಿ.

ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ 80 ಸೆಂ.ಮೀ.ನಿಂದ 1 ಮೀಟರ್ ಎತ್ತರದಲ್ಲಿಡಿ. ಮೈಕ್ರೋಸಾಫ್ಟ್‌ನ ಡೆಪ್ತ್ ಕ್ಯಾಮೆರಾ ಕಿನೆಕ್ಟ್‌ನ ಎರಡನೇ ಆವೃತ್ತಿ ದೇಹವನ್ನು ಸುಮಾರು 4.5 ಮೀಟರ್‌ವರೆಗೆ ಗುರುತಿಸುತ್ತದೆ, ಕೊನೆಯ ಅರ್ಧ ಮೀಟರ್‌ನಲ್ಲಿ ಸಾಫ್ಟ್‌ವೇರ್ ಗುರುತಿಸಿದ ಕೀಲುಗಳ ಬಿಂದುಗಳು ನಡುಗುತ್ತವೆ. ಕ್ಯಾಮೆರಾದಿಂದ 4 ಮೀಟರ್ ಮತ್ತು 1.5 ಮೀಟರ್ ದೂರದಲ್ಲಿ ನೆಲಕ್ಕೆ ಟೇಪ್ ಅಂಟಿಸಿ. ಅವುಗಳ ನಡುವಿನ ಡೇಟಾ ಮಾತ್ರ ಬಳಸಿ. ರೋಗಿ ಕ್ಯಾಮೆರಾದಿಂದ 6–7 ಮೀಟರ್ ದೂರದಿಂದ ಹೊರಡಲಿ, ಟೇಪ್ ತಲುಪುವಷ್ಟರಲ್ಲಿ ವೇಗ ಒಂದು ಹದಕ್ಕೆ ಬಂದಿರುತ್ತದೆ. ಕ್ಯಾಮೆರಾ ಎದುರಿಗೇ ಇದ್ದರೆ ಜನ ಮೊದಲೇ ನಿಧಾನಿಸುತ್ತಾರೆ. ಅದನ್ನು ದಾರಿಯಿಂದ ಸ್ವಲ್ಪ ಪಕ್ಕಕ್ಕಿಟ್ಟು, ಹಿಂದೆ ಒಂದು ಕುರ್ಚಿ ಹಾಕಿ, "ಆ ಕುರ್ಚಿಯವರೆಗೆ ನಡೆಯಿರಿ" ಎನ್ನಿ. ಒಂದು ಸಲಕ್ಕೆ ಸಿಗುವುದು ನಾಲ್ಕೈದು ಹೆಜ್ಜೆ. ನಡುವೆ ವಿಶ್ರಾಂತಿ ಕೊಟ್ಟು ಆರು ಸಲವಾದರೂ ನಡೆಸಿ.

ಕಿಟಕಿಯ ಬಿಸಿಲು ಕ್ಯಾಮೆರಾ ದೂರ ಅಳೆಯಲು ಬಳಸುವ ಇನ್‌ಫ್ರಾರೆಡ್ ಬೆಳಕನ್ನು ಕೆಡಿಸುತ್ತದೆ, ಪರದೆ ಎಳೆಯಿರಿ. ಕಪ್ಪು ಬಟ್ಟೆ, ಹೊಳೆಯುವ ನೆಲ, ಕಾಲು ಮುಚ್ಚುವ ಸಡಿಲ ಉಡುಪು ಮೂರೂ ತೊಂದರೆಯೇ. ವಾಕರ್‌ನ ಕಾಲುಗಳನ್ನು ಸಾಫ್ಟ್‌ವೇರ್ ರೋಗಿಯ ಕಾಲೆಂದು ಹಿಡಿಯುವುದುಂಟು. ಬೀಳುವ ಭಯವಿರುವವರ ಜೊತೆ ಥೆರಪಿಸ್ಟ್ ಇರಲೇಬೇಕು, ಆದರೆ ಹಿಂದೆ ಒಂದು ಪಕ್ಕಕ್ಕೆ, ಕೈಗೆಟುಕುವಷ್ಟು ದೂರದಲ್ಲಿ. ದೇಹಗಳು ಒಂದಕ್ಕೊಂದು ತಾಗಿದಂತೆ ಕಂಡರೆ ಸಾಫ್ಟ್‌ವೇರ್ ಕೀಲುಗಳನ್ನು ಜೋಡಿಸಿ ಬರೆಯುವ ಅಸ್ಥಿಪಂಜರ ಒಬ್ಬರಿಂದ ಇನ್ನೊಬ್ಬರಿಗೆ ಹಾರುತ್ತದೆ. ಡೇಟಾ ಚೆನ್ನಾಗಿ ಬರಲೆಂದು ಥೆರಪಿಸ್ಟ್‌ರನ್ನು ದೂರ ಕಳಿಸುವುದು ಮಾತ್ರ ಬೇಡ.

ಲೆಕ್ಕ ಹಾಕುವಾಗ ಫ್ರೇಮ್ ಎಣಿಸಬೇಡಿ; ಫ್ರೇಮ್‌ಗಳು ಬಿಟ್ಟುಹೋಗುತ್ತವೆ, ಪ್ರತಿ ಫ್ರೇಮ್ ದಾಖಲಾದ ಸಮಯವನ್ನು (ಟೈಮ್‌ಸ್ಟ್ಯಾಂಪ್) ತೆಗೆದುಕೊಂಡು ಡೇಟಾವನ್ನು 30 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 30 ಬಿಂದುಗಳಂತೆ, ಸಮನಾಗಿ ಹರಡಿ. ಕ್ಯಾಮೆರಾ ಬಾಗಿದ್ದರೆ ನೆಲದ ಸಮತಲಕ್ಕೆ ನಿರ್ದೇಶಾಂಕಗಳನ್ನು ತಿರುಗಿಸಿ, ಇಲ್ಲದಿದ್ದರೆ ರೋಗಿ ಇಳಿಜಾರಿನಲ್ಲಿ ನಡೆದಂತೆ ಕಾಣುತ್ತದೆ. ಆಮೇಲೆ ವೇಗದ ನಡುಕಗಳನ್ನು ತೆಗೆದು ರೇಖೆಯನ್ನು ನುಣುಪಾಗಿಸುವ 6 ಹರ್ಟ್ಜ್‌ನ ಬಟರ್‌ವರ್ತ್ ಫಿಲ್ಟರ್ ಅನ್ನು ಮುಂದಕ್ಕೂ ಹಿಂದಕ್ಕೂ ಹಾಯಿಸಿ. ನಡೆಯುವ ದಿಕ್ಕಿನಲ್ಲಿ ಎರಡು ಕಣಕಾಲುಗಳ ನಡುವಿನ ಅಂತರದ ಗ್ರಾಫ್ ಬರೆದರೆ ಅಲೆಯಂತೆ ಏರಿಳಿಯುತ್ತದೆ. ಪ್ರತಿ ತುದಿಯೂ ಒಂದು ಹೆಜ್ಜೆ. ಪಾದದ ಬಿಂದು ಬಳಸಬೇಡಿ, ಅದು ತೀರಾ ಅಲುಗುತ್ತದೆ.

ಫಿಲ್ಟರ್‌ಗೆ ಮೊದಲು ಆ ಗ್ರಾಫನ್ನು ಕಣ್ಣಾರೆ ನೋಡಿ. ಸಾಫ್ಟ್‌ವೇರ್ ಎಡ–ಬಲ ಕಾಲುಗಳನ್ನು ಅದಲುಬದಲು ಮಾಡಿದಾಗ ರೇಖೆ ಒಂದೇ ಫ್ರೇಮಿನಲ್ಲಿ 40 ಸೆಂ.ಮೀ. ಜಿಗಿಯುತ್ತದೆ. ಅಂದರೆ ಸೆಕೆಂಡಿಗೆ 12 ಮೀಟರ್. ಯಾವ ರೋಗಿಯ ಕಾಲೂ ಅಷ್ಟು ವೇಗವಾಗಿ ಚಲಿಸದು. ಫಿಲ್ಟರ್ ಹಾಕಿದ ಮೇಲೆ ಅದೇ ಜಿಗಿತ ನುಣುಪಾದ ಹೆಜ್ಜೆಯಂತೆ ಕಾಣಿಸಿ ಮೋಸಮಾಡುತ್ತದೆ. ರೋಗಿ ತಿರುಗುವಾಗ ಇದು ಬಹಳ ಸಲ ಆಗುತ್ತದೆ, ಪಾರ್ಕಿನ್ಸನ್‌ನಲ್ಲಿ ಕಾಲು ನೆಲಕ್ಕೆ ಕಚ್ಚಿಕೊಳ್ಳುವುದೂ ಹೆಚ್ಚಾಗಿ ತಿರುವಿನಲ್ಲೇ. ಅದನ್ನು ದಾಖಲಿಸಲು ಪಕ್ಕದಲ್ಲೊಂದು ಸಾಮಾನ್ಯ ವಿಡಿಯೊ ಇಟ್ಟುಕೊಳ್ಳಿ.

ತಿಂಗಳುಗಳ ನಂತರ ಹೋಲಿಸುವುದಾದರೆ ಅದೇ ಪಾದರಕ್ಷೆ, ಅದೇ ಟೇಪ್ ಗುರುತು, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ತೆಗೆದುಕೊಂಡು ಅಷ್ಟೇ ಹೊತ್ತಾಗಿರಬೇಕು. ವೇಗದಲ್ಲಿ ಸೆಕೆಂಡಿಗೆ 0.1 ಮೀಟರ್‌ಗಿಂತ ಕಡಿಮೆ ವ್ಯತ್ಯಾಸವಿದ್ದರೆ ಸುಧಾರಣೆ ಎಂದು ಬರೆಯಬೇಡಿ.